ಬಸ್ಸಾರಿನ ಸುಳ್ಳು

ಅವರ ಬಲಗೈ ಹೆಬ್ಬೆರಳಿನ ಉಗುರು ಕಪ್ಪುಹಸಿರಿಗೆ ತಿರುಗಿ ನಡುವೆ ಸೀಳಿಕೊಂಡಿತ್ತು. ನಲವತ್ತು ವರ್ಷ ಸೊಪ್ಪಿನ ದಂಟು ಚಿವುಟಿ ಚಿವುಟಿ ಹಾಗಾದದ್ದು. ಕಟ್ಟು ಕೈಗೆತ್ತಿಕೊಂಡು ಬುಡಕ್ಕೆ ಆ ಉಗುರು ಒತ್ತುವರು. ಪಟಕ್ಕೆಂದು ಮುರಿದರೆ ಎಳೆಯದು, ನಾರು ಎದ್ದರೆ ಬಲಿತದ್ದು. ಬಲಿತದ್ದನ್ನು ಗಿರಾಕಿಗಳಿಗೆ ಕೊಡದೆ ಹಿಂದಕ್ಕೆ ಸರಿಸಿ, “ಇದು ದನದ ಪಾಲು” ಎನ್ನುವರು. ಅದೇ ಬೆರಳಿನಿಂದ ಒಂದು ದಿನ ನನ್ನ ಕಣ್ಣಿನ ಕೆಳರೆಪ್ಪೆಯನ್ನೂ ಎಳೆದು ನೋಡಿದರು. ಅವತ್ತು ನಾನು ಯಾವ ಪಾಲಿಗೆ ಸೇರುವವಳು ಎಂದು ಅವರಿಗೆ ತಕ್ಷಣ ಗೊತ್ತಾಗಿರಬೇಕು.

ಯಲಹಂಕ ನ್ಯೂ ಟೌನಿನಲ್ಲಿ ನಮ್ಮ ರಸ್ತೆಯ ತಿರುವಿಗೆ ಹಾಲಿನ ಬೂತ್ ಇದೆ, ಪಕ್ಕದಲ್ಲಿ ಒಂದು ಹೊಂಗೆ ಮರ. ಬಾಗಲೂರಿನಾಚೆಯ ಹಳ್ಳಿಯೊಂದರಿಂದ ಮೊದಲ ಬಸ್ಸಿಗೆ ಬಂದು, ಆ ಮರದ ಬುಡದಲ್ಲಿ ಒದ್ದೆ ಗೋಣಿತಾಟು ಹಾಸಿ, ಆರೂವರೆಗೆಲ್ಲ ಕೂತುಬಿಟ್ಟಿರುತ್ತಿದ್ದರು. ಅರವತ್ತೈದು ದಾಟಿದ ವಯಸ್ಸು, ಬಾಯಲ್ಲಿ ಉಳಿದದ್ದು ಐದಾರು ಹಲ್ಲು, ತುಟಿಯೆಲ್ಲ ಎಲೆಯಡಿಕೆಯ ಕೆಂಪು. ಏಳು ಗಂಟೆಗೆ ಬೂತಿನವನು ಕೊಡುವ ಟೀ ಕುಡಿದು ಲೋಟವನ್ನು ತಾವೇ ತೊಳೆದಿಡುವರು. ರಸ್ತೆಯವರೆಲ್ಲ ಸೊಪ್ಪಿನಮ್ಮ ಅನ್ನುತ್ತಿದ್ದೆವು. ಹೆಸರು ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ಆಮೇಲೆ ನನಗೆ ಹೆಸರು ಗೊತ್ತಾಯಿತು, ಆದರೂ ನನ್ನ ಬಾಯಿಗೆ ಬರುವುದು ಸೊಪ್ಪಿನಮ್ಮ ಎಂದೇ.

ಅವರದೊಂದು ರಿವಾಜಿತ್ತು. ಕಟ್ಟು ಚೀಲಕ್ಕೆ ಹಾಕುವ ಮೊದಲು ಪ್ರತಿಯೊಬ್ಬರನ್ನೂ ಕೇಳಲೇಬೇಕು: “ಇವತ್ತೇನವ್ವ ಸಾರು?” ಮಸ್ಸೊಪ್ಪು ಎಂದರೆ ನಾಲ್ಕು ಬಗೆ ಬೆರೆಸಿ ಕೊಡುವರು. ಉಪ್ಪುಸಾರು ಎಂದರೆ ದಂಟಿನ ಸೊಪ್ಪೇ ಆಗಬೇಕು. ಯಾರಾದರೂ ಕೋಸಂಬರಿಗೆ ಕೊತ್ತಂಬರಿ ಬೇಕೆಂದರೆ, ಮುಂದೆ ರಾಶಿ ಬಿದ್ದಿದ್ದರೂ, “ಇವತ್ತು ಕೊತ್ತಂಬ್ರಿ ಚೆನಾಗಿಲ್ಲ, ನಾಳೀಕೆ ನೋಡಾಣ” ಅನ್ನುವರು. ಎದುರು ಮನೆಯವರಿಗೆ ಇದರಿಂದ ಮೈ ಉರಿಯುತ್ತಿತ್ತು. “ಮಾರೋಕೆ ಬಂದವಳಿಗೆ ಏನ್ ದಿಮಾಕು ನೋಡಿ” ಎಂದು ನನ್ನ ಹತ್ತಿರವೂ ಹೇಳಿದ್ದರು. ನನಗೂ ಅದು ಮುದುಕಿಯ ಖಯಾಲಿ ಎಂದೇ ಅನ್ನಿಸುತ್ತಿತ್ತು.

ನಾನು ಮೊದಲ ದಿನ ಹೇಳಿದ ಉತ್ತರ “ಬಸ್ಸಾರು,” ಸೊಪ್ಪು ಬೇಯಿಸಿ ಬಸಿದ ನೀರಿನ ಸಾರು. ಎರಡನೆಯ ದಿನವೂ ಬಸ್ಸಾರು. ಹೀಗೆ ಒಂದೂವರೆ ವರ್ಷ ಅವರಿಗೆ ಬಸ್ಸಾರಿನ ಸುಳ್ಳು ಹೇಳಿದ್ದೇನೆ. ದಿನಕ್ಕೆ ಆರು ಕಟ್ಟು ಕೊಳ್ಳುತ್ತಿದ್ದೆ. “ಅಲ್ಲ ಕಣವ್ವ, ಗಂಡ ಹೆಂಡ್ರು ಇಬ್ರೇ ಇರೋದು, ಆರು ಕಟ್ಟು ತಗೊಂಡೋಯ್ತೀಯ, ಮನೇಲೇನು ಎಮ್ಮೆ ಕಟ್ಟಿದ್ಯಾ?” ಎಂದು ನಗುವರು. ನಾನೂ ನಗುತ್ತಿದ್ದೆ. ಮನೆಯಲ್ಲಿ ಆ ಎಮ್ಮೆ ನಾನೇ ಆಗಿದ್ದೆ.

ಯಾಕೆ ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನನ್ನು ಹುಚ್ಚಿ ಅಂದುಕೊಳ್ಳುತ್ತೀರಿ. ಮದುವೆಯಾಗಿ ಐದು ವರ್ಷದಲ್ಲಿ ನನ್ನ ಹೊಟ್ಟೆಯಲ್ಲಿ ಎರಡು ಸಲ ಮಗು ನಿಂತು ಎರಡು ಸಲವೂ ಹೋಗಿತ್ತು. ಎರಡನೆಯದು ನಾಲ್ಕನೇ ತಿಂಗಳಲ್ಲಿ. ಆಮೇಲೆ ಆರು ತಿಂಗಳು ನಾನು ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಆಗ ಫೋನಿನಲ್ಲಿ ಸಿಕ್ಕಿದ್ದು ಒಂದು ಗುಂಪು. ಬೇಯಿಸಿದ್ದನ್ನು ಬಿಟ್ಟು, ಹಾಲು ಮೊಸರು ಬಿಟ್ಟು, ಹಸಿಯದನ್ನೇ ತಿಂದರೆ ದೇಹ ಶುದ್ಧವಾಗುತ್ತದೆ, ಗರ್ಭ ನಿಲ್ಲುತ್ತದೆ ಎಂದು ಅಲ್ಲಿನ ಅಕ್ಕ ಒಬ್ಬರು ದಿನಾ ಬೆಳಿಗ್ಗೆ ದನಿ ಸಂದೇಶ ಕಳಿಸುತ್ತಿದ್ದರು. ನನಗೆ ಹಿಡಿದುಕೊಳ್ಳಲು ಏನಾದರೂ ಬೇಕಿತ್ತು, ಅದನ್ನು ಹಿಡಿದುಕೊಂಡೆ. ಒಂದು ವರ್ಷ ಒಲೆಯ ಮೇಲಿನದು ಒಂದು ತುತ್ತೂ ಮುಟ್ಟಲಿಲ್ಲ. ಒಂದು ವರ್ಷ ಕಳೆದ ಮೇಲೆ ಮಗು ನಿಂತಿತು.

ಇನ್ನು ನನ್ನನ್ನು ಹಿಡಿಯುವವರು ಯಾರು? ಬೆಳಿಗ್ಗೆ ಎದ್ದ ಕೂಡಲೇ ಗರಿಕೆ ರಸ. ವಾಂತಿಗೆ ಶುಂಠಿ, ನಿಂಬೆ. ರಕ್ತಕ್ಕೆ ಬೀಟ್‌ರೂಟು, ನೆಲ್ಲಿಕಾಯಿ. ಮಗುವಿನ ಬುದ್ಧಿಗೆ ಒಂದೆಲಗ. ಮೂಳೆಗೆ ನೆನೆಸಿದ ಕರಿ ಎಳ್ಳು. ಎದೆಯುರಿಗೆ ನೀರಿನಲ್ಲಿ ನೆನೆಸಿಟ್ಟ ಜೀರಿಗೆ. ಮಧ್ಯಾಹ್ನ ಒಂದು ಪಾತ್ರೆ ಸೊಪ್ಪಿನ ರಸ, ರಾತ್ರಿಗೆ ಮೊಳಕೆಕಾಳು. ಡಾಕ್ಟರು ಬರೆದುಕೊಟ್ಟ ಕಬ್ಬಿಣದ ಮಾತ್ರೆಗಳು ಡಬ್ಬಿಯಲ್ಲೇ ಉಳಿದವು, ಯಾಕೆಂದರೆ ಅದು ಸತ್ತ ಕಬ್ಬಿಣ ಎಂದು ಗುಂಪಿನ ಅಕ್ಕ ಹೇಳಿದ್ದರು. ಇನ್ನೊಂದು ಮಾತೂ ಹೇಳಿದ್ದರು. ಈಗ ಒಂದೇ ಒಂದು ತುತ್ತು ಬೇಯಿಸಿದ್ದು ಒಳಗೆ ಹೋದರೂ ಇಷ್ಟು ದಿನದ ಶುದ್ಧಿ ಎಲ್ಲ ಕೆಟ್ಟಿತು ಎಂದು. ಆ ಮಾತು ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತ್ತು.

ಐದನೇ ತಿಂಗಳ ಪರೀಕ್ಷೆಯಲ್ಲಿ ಡಾಕ್ಟರು ಕಾಗದ ನನ್ನ ಕಡೆ ತಿರುಗಿಸಿದರು. ರಕ್ತ ಎಂಟಕ್ಕೂ ಕೆಳಗಿತ್ತು. ಬಿ ಹನ್ನೆರಡು ತಳ ಮುಟ್ಟಿತ್ತು.

“ನೋಡಮ್ಮ, ನೀವೇನ್ ತಿನ್ನಬೇಕು ಅನ್ನೋದು ನಿಮ್ಮಿಷ್ಟ. ಆದ್ರೆ ಬಿ ಹನ್ನೆರಡು ಸೊಪ್ಪಲ್ಲಿ ಸಿಗಲ್ಲ, ಇಂಜೆಕ್ಷನ್ ತಗೋಬೇಕು. ಕಬ್ಬಿಣ ಡ್ರಿಪ್ಪಲ್ಲಿ ಹಾಕ್ತೀವಿ. ಹೀಗೇ ಬಿಟ್ರೆ ಮಗು ಬೆಳೆಯೋದು ಹೇಗೆ? ಹೆರಿಗೇಲಿ ನಿಮಗೇ ಕಷ್ಟ ಆಗುತ್ತೆ.”

“ಯೋಚನೆ ಮಾಡಿ ಹೇಳ್ತೀನಿ ಡಾಕ್ಟ್ರೇ.”

ಹೊರಗೆ ಬಂದ ಮೇಲೆ ನಮ್ಮವರು ಕಾರಿನ ಬಾಗಿಲು ತೆಗೆಯದೆ ನಿಂತುಬಿಟ್ಟರು. “ಒಂದು ಲೋಟ ಗಂಜಿ ಕುಡಿ. ನನ್ನ ಸಲುವಾಗಿ. ಒಂದೇ ಲೋಟ” ಅಂದರು. “ಮೂರನೇ ಸಲವೂ ಹೋದರೆ ನೀವು ತಂದುಕೊಡ್ತೀರಾ?” ಎಂದೆ. ಅವತ್ತಿನಿಂದ ಅವರು ಊಟದ ಮಾತೆತ್ತುವುದನ್ನೇ ಬಿಟ್ಟರು. ಆಫೀಸಿನಲ್ಲಿ ತಿಂದು ಬರುವರು, ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ನಮ್ಮಮ್ಮ ಫೋನಿನಲ್ಲಿ ಅತ್ತರೆ ನಾನು ಫೋನಿಡುತ್ತಿದ್ದೆ. ನನ್ನದು ಸ್ವಲ್ಪ ಹಟದ ಸ್ವಭಾವ. ಸ್ವಲ್ಪ ಅನ್ನುವುದು ನನ್ನ ಲೆಕ್ಕ.

ಆ ದಿನಗಳಲ್ಲೇ ಇನ್ನೊಂದು ಶುರುವಾಯಿತು. ಹಸಿ ಅಕ್ಕಿ ತಿನ್ನುವ ಚಪಲ. ಡಬ್ಬದ ಮುಚ್ಚಳ ತೆಗೆದರೆ ಬರುವ ಆ ವಾಸನೆಗೇ ಬಾಯಲ್ಲಿ ನೀರೂರುತ್ತಿತ್ತು. ಮೊದಲು ಚಿಟಿಕೆ, ಆಮೇಲೆ ಮುಷ್ಟಿ, ಆಮೇಲೆ ಸಣ್ಣದೊಂದು ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಹೋದಲ್ಲೆಲ್ಲ ಒಯ್ಯುವುದು. ಮೈಯಲ್ಲಿ ರಕ್ತ ಬತ್ತಿದವರಿಗೆ ಮಣ್ಣು, ಸುಣ್ಣ, ಅಕ್ಕಿ ಬೇಕೆನಿಸುತ್ತದಂತೆ, ಅದು ನನಗೆ ಆಗ ಗೊತ್ತಿರಲಿಲ್ಲ. ಅಕ್ಕಿಯೂ ಹಸಿಯೇ ತಾನೇ, ನಿಯಮ ಮುರಿದ ಹಾಗಾಗಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ನಮ್ಮವರು ಕಂಡಾರು ಎಂದು ಬಚ್ಚಲುಮನೆಯಲ್ಲಿ ನಿಂತು ಅಗಿಯುತ್ತಿದ್ದೆ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಶಿವರಾತ್ರಿ ಕಳೆದಿತ್ತು, ನನಗೆ ಆರು ತಿಂಗಳು. ಒಂದು ಬೆಳಿಗ್ಗೆ ಕಟ್ಟು ಎತ್ತಿಕೊಳ್ಳಲು ಬಗ್ಗಿದವಳಿಗೆ ಕಣ್ಣು ಕತ್ತಲಿಟ್ಟು, ಹೊಂಗೆ ಮರ ತಬ್ಬಿಕೊಂಡು ಹಾಗೇ ಕುಸಿದು ಕೂತೆ. ಸೊಪ್ಪಿನಮ್ಮ ಗೋಣಿ ದಾಟಿ ನನ್ನ ಹತ್ತಿರ ಬಂದರು. ನನ್ನ ತುಟಿಯಂಚಿಗೆ ಒಂದು ಅಕ್ಕಿಕಾಳು ಅಂಟಿತ್ತು. ಅದನ್ನು ತೆಗೆದು ಅಂಗೈಯಲ್ಲಿಟ್ಟು ನೋಡಿದರು. ಆಮೇಲೆ ಆ ಸೀಳುಗುರಿನ ಬೆರಳಿನಿಂದ ನನ್ನ ಕೆಳರೆಪ್ಪೆ ಎಳೆದರು.

“ರಕ್ತ ಎಲ್ಲವ್ವ ನಿನ್ ಮೈಯಾಗೆ? ಸುಣ್ಣ ಬಳ್ದಂಗದೆ.”

“ಏನಿಲ್ಲ, ಬಿಸಿಲು.”

“ಆರೂವರೆ ಗಂಟೆಗೆ ಯಾವ ಬಿಸ್ಲು? ದಿನಾ ಆರು ಕಟ್ಟು ಸೊಪ್ಪಿನ ಬಸ್ಸಾರು ಉಂಬೋಳಿಗೆ ಇಂಗ್ಯಾಕಾಯ್ತದೆ? ನಿಜ ಯೋಳು. ಏನ್ ಮಾಡ್ತೀಯ ನನ್ ಸೊಪ್ಪ?”

ಸುಳ್ಳು ಹೇಳಲು ತ್ರಾಣವಿರಲಿಲ್ಲ. “ಮಿಕ್ಸಿಗೆ ಹಾಕಿ ರಸ ಕುಡೀತೀನಿ. ಹಸೀದು. ನಾನು ಬೇಯಿಸಿದ್ದು ತಿನ್ನಲ್ಲ” ಎಂದೆ.

ಎಲೆಯಡಿಕೆ ಅಗಿಯುತ್ತಿದ್ದ ದವಡೆ ನಿಂತುಹೋಯಿತು. ನನ್ನ ಚೀಲಕ್ಕೆ ಕೈ ಹಾಕಿ, ಹಾಕಿದ್ದ ಕಟ್ಟುಗಳನ್ನು ಒಂದೊಂದಾಗಿ ವಾಪಸು ತೆಗೆದು ಗೋಣಿಯ ಮೇಲಿಟ್ಟರು. “ಇನ್ಮ್ಯಾಕೆ ನಿಂಗೆ ಸೊಪ್ಪು ಕೊಡಾಕಿಲ್ಲ” ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ಗಂಡನಾಯಿತು, ಅಮ್ಮನಾಯಿತು, ಡಾಕ್ಟರಾಯಿತು, ಈಗ ಇವರೂ ಶುರು ಮಾಡಿದರು. “ಕೊಡಲ್ಲ ಅನ್ನೋಕೆ ನೀವ್ಯಾರ್ರೀ? ಊರಲ್ಲಿ ಸೊಪ್ಪು ನಿಮ್ಮ ಹತ್ರ ಮಾತ್ರ ಸಿಗೋದಾ?” ಎಂದು ಬಾಯಿಗೆ ಬಂದಂತೆ ಅಂದು ಎದ್ದೆ. ಬೂತಿನ ಮುಂದೆ ನಿಂತವರೆಲ್ಲ ನೋಡುತ್ತಿದ್ದರು. ಸೊಪ್ಪಿನಮ್ಮ ತಲೆಯೆತ್ತಲಿಲ್ಲ. ಅಲ್ಲಾಳಸಂದ್ರದ ಕಡೆ ಸಾವಯವ ತರಕಾರಿ ಎಂದು ಬೋರ್ಡು ಹಾಕಿದ ತಣ್ಣನೆಯ ಅಂಗಡಿಯೊಂದಿತ್ತು. ಆಟೊ ಹತ್ತಿ ನೇರ ಅಲ್ಲಿಗೇ ಹೋದೆ.

ಮನೆಗೆ ತಂದು ಪಾಲಕ್ಕಿನ ಮೇಲಿನ ಪ್ಲಾಸ್ಟಿಕ್ ಹಾಳೆ ಬಿಚ್ಚಿದೆ. ಒಳಗೆ ಬಾಳೆನಾರಿನ ಕಟ್ಟು, ಎರಡು ಸುತ್ತು ಸುತ್ತಿ ತುದಿಯನ್ನು ಒಳಕ್ಕೆ ತೂರಿಸಿದ ಗಂಟು. ಒಂದೂವರೆ ವರ್ಷ ದಿನಾ ಆರು ಸಲ ಬಿಚ್ಚಿದ ಗಂಟು ಅದು, ನನ್ನ ಬೆರಳಿಗೆ ಗುರುತು ಸಿಗದೆ ಇರುತ್ತದೆಯೇ? ಆ ದಿನ ರಸ ಮಾಡಲಿಲ್ಲ. ಸಂಜೆ ಹೊತ್ತಿಗೆ ಇನ್ನೊಂದು ಗಮನಕ್ಕೆ ಬಂತು. ಮಧ್ಯಾಹ್ನದಿಂದ ಮಗು ಮಿಸುಕಾಡಿರಲಿಲ್ಲ. ಎಡಕ್ಕೆ ಮಲಗಿದೆ, ಬಲಕ್ಕೆ ಮಲಗಿದೆ, ನೀರು ಕುಡಿದೆ. ನಮ್ಮವರಿಗೆ ಹೇಳಲಿಲ್ಲ. ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂದು ಭಯ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಹೊಂಗೆ ಮರದ ಕೆಳಗೆ ಹೋಗಿ ನಿಂತೆ. ಜಗಳವಾಡುವುದಕ್ಕೆ ಹೋದೆನೋ, ಇನ್ನೇನಕ್ಕೋ, ನನಗೇ ಗೊತ್ತಿಲ್ಲ. ಸೊಪ್ಪಿನಮ್ಮ ಆಗ ತಾನೇ ಗೋಣಿ ಹಾಸುತ್ತಿದ್ದರು.

“ಆ ದೊಡ್ಡ ಅಂಗಡೀಲೂ ನಿಮ್ಮ ಗಂಟೇ ಇದೆ” ಎಂದೆ.

“ಇರ್ದೆ ಇನ್ನೇನು. ಅವ್ರೂ ನಮ್ಮೂರಿಂದ್ಲೇ ತುಂಬ್ಕೊಂಡೋಗೋದು.” ಗೋಣಿಯನ್ನು ಮತ್ತೆ ಮಡಿಸಿ ಬೂತಿನವನ ಕೈಗೆ ಕೊಟ್ಟರು. “ಬಾ, ತೋರಿಸ್ತೀನಿ. ಕಣ್ಣಾರೆ ನೋಡ್ಬುಡು. ಆಮ್ಯಾಕೆ ನಿನ್ನಿಷ್ಟ.”

ಆಟೊದಲ್ಲಿ ಅರ್ಧ ಗಂಟೆ. ಬಾಗಲೂರು ದಾಟಿ ಎಡಕ್ಕೆ ತಿರುಗಿ ಮಣ್ಣುದಾರಿಯಲ್ಲಿ ಇಳಿದೆವು. ಕೆರೆಯ ಕೋಡಿಯಿಂದ ಬರುವ ಕಾಲುವೆ, ಅದರ ಪಕ್ಕದಲ್ಲಿ ಸೊಪ್ಪಿನ ಮಡಿಗಳು. ಕಣ್ಣಿಗೆ ಎಷ್ಟು ಹಸಿರು! ಆದರೆ ವಾಸನೆ ಮೂಗಿಗೆ ಸೆರಗು ಹಿಡಿಯುವಂಥದು. ಮಡಿಗಳ ತುದಿಯಲ್ಲಿ ಒಂದು ಹೊಂಡ. ಮೂರು ಜನ ಹೆಂಗಸರು ಮಂಡಿಯುದ್ದ ನೀರಿನಲ್ಲಿ ನಿಂತು ಕಟ್ಟುಗಳನ್ನು ಅದ್ದಿ ಅದ್ದಿ ಮೇಲಕ್ಕೆ ಎಸೆಯುತ್ತಿದ್ದರು. ನೀರಿನ ಮೇಲೆ ಬಟ್ಟೆ ಸೋಪಿನ ಹಾಗೆ ಬೂದು ನೊರೆ.

“ನಮ್ ಬೋರ್‌ನಾಗೆ ನೀರು ನಿಂತು ಎಷ್ಟೋ ವರ್ಸ ಆಯ್ತು” ಎಂದರು ಸೊಪ್ಪಿನಮ್ಮ. “ನಿಮ್ ಲೇಔಟುಗಳ ಕಕ್ಕಸ್ ನೀರೆಲ್ಲ ಕೆರೆಗೆ, ಕೆರೆ ನೀರು ಈ ಮಡಿಗೆ. ಚೆನ್ನಾಗಿ ಕುದಿಸಿ ಉಂಡ್ರೆ ಉಳಾನೂ ಸಾಯ್ತದೆ, ಕೊಳಕೂ ಸಾಯ್ತದೆ. ಅಸೀದು ತಿಂದ್ರೆ? ಅದ್ಕೇ ಕಣವ್ವ ಎಲ್ರನ್ನೂ ಕೇಳೋದು, ಏನ್ ಸಾರು ಅಂತ. ನೀನು ಬಸ್ಸಾರು ಅಂದೆ. ನಾನು ನಂಬ್ದೆ.”

ಕೋಸಂಬರಿಗೆ ಕೊತ್ತಂಬರಿ ಕೊಡದೆ ಇದ್ದದ್ದು ದಿಮಾಕಲ್ಲ ಎಂದು ನನಗೆ ಆಗ ಅರ್ಥವಾಯಿತು. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ. “ನಾನು ಉಪ್ಪು, ಅರಿಶಿನದ ನೀರಲ್ಲಿ ಮೂರು ಸಲ ತೊಳೀತೀನಿ” ಎಂದೆ.

“ತೊಳೆದ್ರೆ ಓಗೋದು ಮಣ್ಣು.”

ಬದುವಿನ ಮೇಲೆ ಕೂತೆ. ಆ ನೊರೆ ನೋಡುತ್ತ ನೋಡುತ್ತ, ಗಂಡನಿಗೂ ಹೇಳದ ಮಾತು ಬಾಯಿಂದ ಬಂದುಬಿಟ್ಟಿತು. “ನಿನ್ನೆ ಮಧ್ಯಾಹ್ನದಿಂದ ಮಗು ಅಲ್ಲಾಡ್ತಿಲ್ಲ.”

ಸೊಪ್ಪಿನಮ್ಮ ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ನನ್ನ ರಟ್ಟೆಗೆ ಕೈ ಕೊಟ್ಟು ಎಬ್ಬಿಸಿದರು. ಆಟೊದವನು ಬೀಡಿ ಹಚ್ಚಿದ್ದ, ಅದನ್ನು ಕಿತ್ತು ಎಸೆದರು. “ನಡಿಯಪ್ಪ, ಆಸ್ಪತ್ರೆಗೆ. ಎಲ್ಲೂ ನಿಲ್ಲಿಸ್ಬ್ಯಾಡ.”

ಆ ದಾರಿ ನನಗೆ ಇವತ್ತಿಗೂ ಮರೆತಿಲ್ಲ. ಬರುವಾಗ ಅರ್ಧ ಗಂಟೆ ಆಗಿದ್ದದ್ದು ಹೋಗುವಾಗ ಮುಗಿಯುವುದೇ ಇಲ್ಲ. ಆಫೀಸಿನ ಹೊತ್ತು, ಶಾಲೆಯ ಬಸ್ಸುಗಳು, ಟಿಪ್ಪರುಗಳು. ಒಂದು ಕಡೆ ಇಪ್ಪತ್ತು ನಿಮಿಷ ಗಾಡಿ ಕದಲಲಿಲ್ಲ. ನಾನು ಫೋನಿನಲ್ಲಿ ನಮ್ಮವರಿಗೆ ಅಳುತ್ತ ಹೇಳಿದೆ. ಸೊಪ್ಪಿನಮ್ಮ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ಕೂತಿದ್ದರು. ಮೇಲೆ ವಿಮಾನ ಹಾದುಹೋದಾಗಲೆಲ್ಲ ಆಟೊ ಅದುರುತ್ತಿತ್ತು. ಅದುರಿದಾಗಲೆಲ್ಲ ನಾನು ಅವರ ಮುಖ ನೋಡುತ್ತಿದ್ದೆ, ಅವರು ಇಲ್ಲ ಎಂದು ತಲೆಯಾಡಿಸುತ್ತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ಮಗುವಿನ ಎದೆಬಡಿತ ಕೇಳುವ ಯಂತ್ರವನ್ನು ಹೊಟ್ಟೆಗೆ ಒತ್ತಿ ಹುಡುಕಿದರು. ಒಂದು ಕಡೆ ಇಟ್ಟರು, ಏನೂ ಇಲ್ಲ. ಇನ್ನೊಂದು ಕಡೆ ಇಟ್ಟರು. ಮೂರನೆಯ ಕಡೆ ಇಟ್ಟಾಗ ದಡದಡ ಎಂದು ಸದ್ದು ಬಂತು. “ಇದೆ” ಅಂದರು ಡಾಕ್ಟರು. ಆಮೇಲೆ ಒಂದೂ ಮಾತನ್ನು ಉಳಿಸಿಕೊಳ್ಳಲಿಲ್ಲ. ಮಗು ಸೊರಗಿದೆ, ರಕ್ತ ಇನ್ನೂ ಇಳಿದಿದೆ, ಇವತ್ತೇ ರಕ್ತ ಕೊಡಬೇಕು, ಇಂಜೆಕ್ಷನ್ ಕೊಡಬೇಕು, ನೀವು ಹೊಟ್ಟೆ ತುಂಬ ಊಟ ಮಾಡಬೇಕು. “ಇವತ್ತು ಸಿಕ್ಕಿದೆ. ಮುಂದಿನ ವಾರಕ್ಕೆ ನಾನು ಮಾತು ಕೊಡಲ್ಲ” ಅಂದರು.

ನರ್ಸು ಸೂಜಿ ತಂದಾಗ ನಾನು ಕೈ ಎಳೆದುಕೊಂಡೆ. ಸೊಪ್ಪಿನಮ್ಮ ನನ್ನ ಕೈಯನ್ನು ಮತ್ತೆ ಮುಂದಕ್ಕೆ ಚಾಚಿ ಹಿಡಿದರು. “ಸೂಜಿ ಮದ್ದೇನು ಒಲೆ ಮ್ಯಾಲೆ ಬೆಂದದ್ದಾ? ಚುಚ್ಚಿಸ್ಕೊ” ಅಂದರು. ಚುಚ್ಚಿಸಿಕೊಂಡೆ. ನರ್ಸಿಗೆ ನಗು ಬಂತು.

ಆದರೆ ಊಟ? ನಮ್ಮವರು ಓಡಿ ಬಂದು, ಕೆಳಗಿನ ಕ್ಯಾಂಟೀನಿನಿಂದ ಇಡ್ಲಿ ತಂದು, ಮುರಿದು ಬಾಯಿಯ ಹತ್ತಿರ ಹಿಡಿದರು. ನನ್ನ ಬಾಯಿ ತೆರೆಯಲಿಲ್ಲ. ಹಟ ಅಂದುಕೊಳ್ಳಬೇಡಿ, ಅವತ್ತು ಹಟ ಇರಲಿಲ್ಲ, ನನಗೆ ತಿನ್ನಬೇಕೆಂದೇ ಇತ್ತು. ದವಡೆ ಕಚ್ಚಿಕೊಂಡುಬಿಟ್ಟಿತ್ತು. ಈ ತುತ್ತು ಒಳಗೆ ಹೋದ ಕ್ಷಣ ಆ ದಡದಡ ಸದ್ದು ನಿಲ್ಲುತ್ತದೆ ಎಂದು ಮೈಯೆಲ್ಲ ನಂಬಿತ್ತು. ನಮ್ಮವರು ತಟ್ಟೆ ಕೆಳಗಿಟ್ಟು, ಗೋಡೆ ಕಡೆ ತಿರುಗಿ ಕಣ್ಣು ಒರೆಸಿಕೊಂಡರು.

ಸೊಪ್ಪಿನಮ್ಮ ಮಂಚದ ಅಂಚಿಗೆ ಕೂತರು. “ಯಾವ ದ್ಯಾವ್ರಿಗೆ ಅರಕೆ ಒತ್ತಿದ್ಯವ್ವ?” ಎಂದು ಮೆಲ್ಲಗೆ ಕೇಳಿದರು.

“ಹರಕೆ ಅಲ್ಲ. ಯಾವ ದೇವರಿಗೂ ಅಲ್ಲ. ಎರಡು ಹೋಯ್ತು. ಹಸೀದು ತಿಂದ ಮೇಲೆ ಇದು ನಿಂತಿತು. ಬಿಟ್ರೆ ಇದೂ ಹೋಗುತ್ತೆ.”

“ಮಗು ಬರೋಗಂಟ ಬಿಡಾಕಿಲ್ಲ ಅಂತ ತಾನೇ? ಅದು ಅರಕೆನೇ. ನಮ್ಮಲ್ಲಿ ಅರಕೆ ಒತ್ತೋರಿಗೆ ಆಗ್ದೆ ಓದ್ರೆ ಮನೆಯೋರು ಒತ್ಕೋತಾರೆ. ಮಗನ ಮುಡೀನ ಅಪ್ಪ ಕೊಡ್ತಾನೆ, ಮಗಳ ಉಪಾಸಾನ ತಾಯಿ ಮಾಡ್ತಾಳೆ. ಅರಕೆ ನಡೀತಾ ಇದ್ರೆ ಆಯ್ತು, ಯಾರ್ ಒಟ್ಟೇಲಾದ್ರೇನು? ನಿಂದು ನಂಗೆ ಕೊಡು.”

ನಾನು ಅವರ ಮುಖ ನೋಡಿದೆ. ತಮಾಷೆ ಇರಲಿಲ್ಲ. “ನಿನ್ ನೇಮ ಎಲ್ಲ ಯೋಳು, ಏನ್ ತಿನ್ಬೋದು, ಏನ್ ತಿನ್ಬಾರ್ದು” ಎಂದು ಶುರು ಮಾಡಿದರು. ಮುದ್ದೆ? ಇಲ್ಲ. ಟೀ? ಇಲ್ಲ. ಮಜ್ಜಿಗೆ? ಇಲ್ಲ. ಬೆಲ್ಲ? ಅದು ಕುದಿಸಿದ್ದು, ಇಲ್ಲ. ನೆನೆಸಿದ ಕಡ್ಲೇಬೀಜ? ಆಗಬಹುದು. ಸೌತೆಕಾಯಿ? ಆಗಬಹುದು.

“ಎಲೆ ಅಡಿಕೆ?”

“ಸುಣ್ಣ ಸುಟ್ಟದ್ದು, ಅಡಿಕೆ ಬೇಯಿಸಿದ್ದು. ಆಗಲ್ಲ.”

ಅದಕ್ಕೆ ಮಾತ್ರ ಒಂದು ಗಳಿಗೆ ತಡೆದರು. “ಊಂ, ಆಗ್ಲಿ” ಅಂದರು. “ನಿನ್ ಅಕ್ಕಿ ಡಬ್ಬಿ ತೆಗಿ.”

ನನಗೆ ಮುಖ ಎಲ್ಲಿ ಇಡಲಿ ಎನ್ನಿಸಿತು. ಗಂಡನ ಎದುರಿಗೆ ಚೀಲದಿಂದ ಡಬ್ಬಿ ತೆಗೆದೆ. ಸೊಪ್ಪಿನಮ್ಮ ಸೆರಗನ್ನು ಎರಡೂ ಕೈಯಲ್ಲಿ ಒಡ್ಡಿದರು. “ಮೂರ್ ಸಲ ಆಕು. ಗಂಡ ಸತ್ತೋಳ ಮಡ್ಲಿಗೆ ಯಾರೂ ಅಕ್ಕಿ ಆಕಾಕಿಲ್ಲ. ನೀನ್ ಆಕು, ಏನೂ ಆಗಾಕಿಲ್ಲ.” ಹಾಕಿದೆ. ಮೂರನೆಯ ಸಲ ನನ್ನ ಕೈಯಲ್ಲಿ ಒಂದು ಕಾಳೂ ಉಳಿಯದ ಹಾಗೆ ತಾವೇ ನನ್ನ ಅಂಗೈ ಒರೆಸಿ, ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. “ಮಗು ಬರೋಗಂಟ ಇದು ನಂದು. ನಂಬ್ಕೆ ನಿಂದು, ಒಟ್ಟೆ ನಂದು. ಈಗ ಉಣ್ಣು.”

ತಟ್ಟೆಯಲ್ಲಿ ಇಡ್ಲಿ ಆರಿ ತಣ್ಣಗಾಗಿತ್ತು. ಮೊದಲ ತುತ್ತು ನುಂಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಾದೆ. ಏನೂ ಆಗಲಿಲ್ಲ. ಎರಡನೆಯದು ನುಂಗಿದೆ. ನಾಲ್ಕು ಇಡ್ಲಿ ತಿಂದೆ, ಚಟ್ನಿಯನ್ನು ಬೆರಳಿನಿಂದ ಬಳಿದು ನೆಕ್ಕಿದೆ, ಅಳುತ್ತಲೇ ಇನ್ನೆರಡು ತರಿಸಿಕೊಂಡೆ. ಅವತ್ತು ಸಂಜೆ, ರಕ್ತದ ಬಾಟಲಿ ಅರ್ಧ ಇಳಿದ ಮೇಲೆ, ಮಗು ಒಂದು ಸಲ ಒದೆಯಿತು.

ಆಮೇಲಿನ ಮೂರು ತಿಂಗಳು ನಾನು ಡಾಕ್ಟರು ಹೇಳಿದ ಹಾಗೆ ಕೇಳಿದೆ. ಮಾತ್ರೆ ನುಂಗಿದೆ, ಇಂಜೆಕ್ಷನ್ ಚುಚ್ಚಿಸಿಕೊಂಡೆ. ನೆಲ್ಲಿಕಾಯಿಯನ್ನೂ ಬಿಡಲಿಲ್ಲ, ಡಾಕ್ಟರೇ ಅದು ಒಳ್ಳೆಯದು, ಮಾತ್ರೆಯ ಜೊತೆ ತಿನ್ನಿ ಅಂದರು. ಗುಂಪಿನಿಂದ ಹೊರಬಂದೆ. ಹಸಿ ತಿಂದುಕೊಂಡು ಚೆನ್ನಾಗಿರುವವರು ಇರಬಹುದು, ಅವರ ಸುದ್ದಿ ನನಗೆ ಬೇಡ. ನಾನು ತಿನ್ನುತ್ತಿದ್ದದ್ದು ಭಯವನ್ನು. ಆದರೂ ಪ್ರತಿ ವಾರ ಪರೀಕ್ಷೆಗೆ ಹೋದಾಗ, ಆ ಸದ್ದು ಕೇಳುವವರೆಗೆ, ಮುಷ್ಟಿ ಬಿಗಿಹಿಡಿದೇ ಇರುತ್ತಿದ್ದೆ.

ಹೊಂಗೆ ಮರದ ಕೆಳಗೆ ಸೊಪ್ಪಿನಮ್ಮ ಎಂದಿನಂತೆ ಇದ್ದರು. ನನಗೆ ಎರಡೇ ಕಟ್ಟು ಕೊಡುವರು, “ಏನ್ ಸಾರು?” ಎಂದು ಎಲ್ಲರಿಗಿಂತ ಎರಡು ಸಲ ಹೆಚ್ಚಿಗೆ ಕೇಳುವರು. ಬೂತಿನವನ ಟೀಯನ್ನು “ಉಷ್ಣ ಆಯ್ತದೆ” ಎಂದು ಬೇಡ ಅನ್ನುತ್ತಿದ್ದರು. ತುಟಿಯ ಕೆಂಪು ಹೋಗಿ ಬಿಳುಚಿಕೊಂಡಿತ್ತು. ರವಿಕೆಯ ತೋಳು ಸಡಿಲವಾಗಿತ್ತು. “ಯಾಕ್ ಇಷ್ಟು ಇಳಿದಿದೀರಾ?” ಎಂದು ಒಂದು ದಿನ ಕೇಳಿದೆ. “ಬ್ಯಾಸ್ಗೆ ಕಣವ್ವ” ಅಂದರು. ನಾನು ನಂಬಿದೆ. ಆಸ್ಪತ್ರೆಯಲ್ಲಿ ನಡೆದದ್ದು ನನ್ನ ಬಾಯಿ ತೆರೆಸಲು ಹೂಡಿದ ಒಳ್ಳೆಯ ಉಪಾಯ ಎಂದೇ ನಾನೂ ನಮ್ಮವರೂ ಮಾತಾಡಿಕೊಂಡಿದ್ದೆವು. ಅವರ ಬುದ್ಧಿವಂತಿಕೆಯನ್ನು ಬಂದವರಿಗೆಲ್ಲ ಹೇಳಿಕೊಂಡು ನಕ್ಕಿದ್ದೂ ಉಂಟು.

ಮುಂಗಾರಿನ ಮೊದಲ ಮಳೆ ಬಿದ್ದ ವಾರದಲ್ಲಿ ಮಗಳು ಹುಟ್ಟಿದಳು. ಎರಡೂವರೆ ಕೇಜಿ, ತಲೆ ತುಂಬ ಕೂದಲು. ನಮ್ಮವರು ಬೂತಿನ ಹತ್ತಿರ ಹೋಗಿ ಹೇಳಿ ಬಂದ ಅರ್ಧ ಗಂಟೆಗೆ ಸೊಪ್ಪಿನಮ್ಮ ಆಸ್ಪತ್ರೆಯಲ್ಲಿದ್ದರು. ಮಗುವಿನ ಕಾಲಿನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. “ಮುಗೀತು” ಎಂದು ಹೇಳಿ ನೆಲದ ಮೇಲೆ ಕೂತುಬಿಟ್ಟರು. ಆಮೇಲೆ ನಮ್ಮಮ್ಮನ ಕ್ಯಾರಿಯರ್ ನೋಡಿ, “ಅದ್ರಾಗೆ ಏನೈತವ್ವ?” ಎಂದು ಕೇಳಿದರು. ಬಾಣಂತಿಗೆಂದು ಮಾಡಿದ ಮೆಣಸಿನ ಸಾರು, ಮೆತ್ತನೆಯ ಅನ್ನ. ಅಮ್ಮ ಒಂದು ತಟ್ಟೆ ಹಾಕಿಕೊಟ್ಟರು. ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಮತ್ತೆ ಹಾಕಿಸಿಕೊಂಡರು. ಮೂರನೆಯ ಸಲವೂ ಹಾಕಿಸಿಕೊಂಡರು. ಉಂಡಾದ ಮೇಲೆ ಸೊಂಟದಿಂದ ಎಲೆಯಡಿಕೆಯ ಚೀಲ ತೆಗೆದು, ಅಲ್ಲೇ ಹೊರಗೆ ಬೆಂಚಿನ ಮೇಲೆ ಕೂತು ಹಾಕಿಕೊಂಡರು. ಅವರು ಹೋದ ಮೇಲೆ ಅಮ್ಮ, “ಪಾಪ, ಹಸಿದಿತ್ತೋ ಏನೋ. ನಿನಗೇ ಸಾರು ಉಳೀಲಿಲ್ಲ” ಎಂದು ಗೊಣಗಿದರು. ನಾನೂ ಸ್ವಲ್ಪ ಮುಖ ಗಂಟು ಹಾಕಿಕೊಂಡಿದ್ದೆ. ಆ ಗಂಟು ಮುಖಕ್ಕಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಮಗಳಿಗೆ ಈಗ ನಾಲ್ಕು ವರ್ಷ ದಾಟಿದೆ. ಸೊಪ್ಪಿನಮ್ಮನ ಮಡಿಲಲ್ಲಿ ಕೂತು ಕಟ್ಟು ಎಣಿಸುವುದನ್ನು ಕಲಿತವಳು. ಕಳೆದ ಚಳಿಗಾಲದಲ್ಲಿ ನಾಲ್ಕು ದಿನ ಹೊಂಗೆ ಮರದ ಬುಡ ಖಾಲಿ ಇತ್ತು. ಐದನೆಯ ದಿನ ಬೂತಿನವನು ಹೇಳಿದ, ಸೊಪ್ಪಿನಮ್ಮ ಮಲಗಿದಲ್ಲೇ ಹೋಗಿಬಿಟ್ಟರಂತೆ. ಒಂದು ದಿನವೂ ಹಾಸಿಗೆ ಹಿಡಿಯಲಿಲ್ಲವಂತೆ. ಮನೆಗೆ ಬಂದು ಮಗಳಿಗೆ ಏನು ಹೇಳುವುದೋ ತಿಳಿಯದೆ ಅಡುಗೆಮನೆಯಲ್ಲಿ ನಿಂತುಕೊಂಡು ಅತ್ತೆ.

ತಿಂಗಳು ಕಳೆದ ಮೇಲೆ ಅದೇ ಜಾಗದಲ್ಲಿ, ಅದೇ ಗೋಣಿಯ ಮೇಲೆ, ಅವರ ಸೊಸೆ ಕೂತಿದ್ದಳು. ನನ್ನನ್ನೂ ಮಗಳನ್ನೂ ಬಹಳ ಹೊತ್ತು ನೋಡಿ ಕೇಳಿದಳು.

“ಅಸೀ ಸೊಪ್ಪು ತಿಂತಿದ್ದ ಅಮ್ಮ ನೀವೇ ಅಲ್ವಾ? ಇದೇನಾ ಆ ಮಗು?”

ಹೌದು ಎಂದೆ.

“ನಮ್ಮತ್ತೆ ನಿಮ್ಮಿಂದ ನಮ್ಮನ್ನ ಎಷ್ಟು ಗೋಳುಯ್ಕೊಂಡ್ರು ಗೊತ್ತೇನಮ್ಮ? ಮೂರ್ ತಿಂಗ್ಳು ಒಲೆ ಮ್ಯಾಲಿಂದು ಒಂದು ಅಗುಳು ಮುಟ್ಲಿಲ್ಲ. ಅಲ್ಲಿಲ್ದ ಬಾಯಾಗೆ ಅಸೀದು ಎಂಗ್ ಅಗೀತಾರೆ? ಸೌತೆಕಾಯಿ, ಕಡ್ಲೇಬೀಜ ಕಲ್ಲಾಗೆ ಕುಟ್ಕೊಂಡು ನುಂಗೋರು. ಉಗಾದಿಗೆ ಮನೆ ತುಂಬ ಒಬ್ಬಟ್ಟು, ಮಾರ್ನೆ ದಿನ ಒಸತೊಡ್ಕಿಗೆ ಬಾಡೂಟ, ಊರೆಲ್ಲ ಉಂಡ್ರೆ ಇವ್ರು ಮೂಲೇಲಿ ಕುಟ್ಟಾಣಿ ಇಟ್ಕೊಂಡು ಕೂತಿದ್ರು. ಸಾಯ್ತೀಯ ಕಣತ್ತೆ ಬಿಡು ಅಂತ ನಾನೂ ನನ್ ಗಂಡನೂ ಕಾಲಿಡ್ಕೊಂಡೋ. ಆ ಉಡುಗಿ ಧೈರ್ಯವಾಗಿ ಉಣ್ತಾವ್ಳೆ ಕಣೇ, ನಾನ್ ಬಿಟ್ರೆ ಅವ್ಳಿಗೆ ಮೋಸ ಮಾಡ್ದಂಗಾಯ್ತದೆ ಅನ್ನೋರು.”

ನಾನು ಗೋಣಿಯ ಅಂಚಿನಲ್ಲಿ ಕೂತುಬಿಟ್ಟೆ. ಬಿಳುಚಿದ ತುಟಿ, ಬೇಡವೆಂದ ಟೀ, ಸಡಿಲ ತೋಳು, ಮೂರು ಸಲ ಹಾಕಿಸಿಕೊಂಡ ಅನ್ನ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ನಿಂತವು. ಹಸಿಯದರಲ್ಲಿ ಅವರಿಗೆ ಒಂದು ಚೂರೂ ನಂಬಿಕೆ ಇರಲಿಲ್ಲ. ನನಗೆ ಇತ್ತು, ಅಷ್ಟಕ್ಕೇ ಅವರು ಅದನ್ನು ನಡೆಸಿದರು. ನಾನು ಅವರಿಗೆ ಒಂದೂವರೆ ವರ್ಷ ಸುಳ್ಳು ಹೇಳಿದವಳು, ಅವರು ನನಗೆ ಕೊಟ್ಟ ಒಂದು ಮಾತಿಗೆ ಮೂರು ತಿಂಗಳು ಹಸಿದವರು.

“ಅಮ್ಮ ಯಾಕೆ ಅಳ್ತಿದಾಳೆ?” ಎಂದು ಮಗಳು ಸೊಸೆಯನ್ನು ಕೇಳಿದಳು. ಸೊಸೆ ಅವಳ ಕೈಗೆ ಒಂದು ದಂಟಿನ ಸೊಪ್ಪಿನ ಕಟ್ಟು ಕೊಟ್ಟು, ನನ್ನ ಕಡೆ ತಿರುಗಿ, ಅತ್ತೆ ಕಲಿಸಿ ಹೋದ ಹಾಗೆ ಕೇಳಿದಳು.

“ಇವತ್ತೇನಮ್ಮ ಸಾರು?”

“ಬಸ್ಸಾರು” ಎಂದೆ. ಮನೆಗೆ ಹೋಗಿ, ಕಟ್ಟು ಬಿಚ್ಚಿ, ನೀರು ಕುದಿಯಲು ಇಟ್ಟೆ.